ಊರ ಫೋಟೋಗಳಿಗೆ ಒಂದು ಹಾರ್ಡ್ ಡಿಸ್ಕ್: ಫಾರ್ಮ್ಯಾಟ್ ಬಟನ್ ಒತ್ತುವ ಮೊದಲು ತಿಳಿದಿರಬೇಕಾದ ಸಂಗತಿಗಳು

ಎರಡು ವರ್ಷಕ್ಕೊಮ್ಮೆ ರಜೆ ಸಿಕ್ಕಿ ಊರಿಗೆ ಹೋಗಿ ಬರುವವರು ವಾಪಸಾಗುವಾಗ ಉಪ್ಪಿನಕಾಯಿ, ಹಪ್ಪಳ, ಕುಚ್ಚಲಕ್ಕಿಯ ಜೊತೆ ಇನ್ನೊಂದು ಸಾಮಾನನ್ನೂ ತರುತ್ತಾರೆ. ಅದು ಫೋಟೋಗಳು. ತಂಗಿಯ ಮದುವೆ, ಮಗುವಿನ ನಾಮಕರಣ, ಹಾಸಿಗೆ ಹಿಡಿದ ಅಜ್ಜಿಯ ಪಕ್ಕ ಕೂತು ತೆಗೆಸಿಕೊಂಡ ಒಂದು ಚಿತ್ರ. ಮುಂದಿನ ಎರಡು ವರ್ಷ ರೂಮಿನಲ್ಲಿ ಡ್ಯೂಟಿ ಮುಗಿದ ಮೇಲೆ ನೋಡಿಕೊಳ್ಳಲು ಇರುವ ಆಸ್ತಿ ಅಷ್ಟೇ.

ಆದರೆ ಇವನ್ನೆಲ್ಲ ಇಡುವುದೆಲ್ಲಿ? ಮೊಬೈಲ್ ತುಂಬಿರುತ್ತೆ, ಕ್ಯಾಮೆರಾದ ಕಾರ್ಡೂ ತುಂಬಿರುತ್ತೆ. ಗೂಗಲ್ ಫೋಟೋಸ್‌ನಲ್ಲಿ ಲೆಕ್ಕವಿಲ್ಲದಷ್ಟು ಉಚಿತವಾಗಿ ಹಾಕುವ ಕಾಲ 2021ರ ಜೂನ್ 1ಕ್ಕೆ ಮುಗಿಯಿತು. ಈಗ ಜಿಮೇಲ್ ಮತ್ತು ಡ್ರೈವ್ ಸೇರಿ 15 ಜಿಬಿ ಮಾತ್ರ ಉಚಿತ. ವಾಟ್ಸಪ್‌ನಲ್ಲಿ ಮಾಮೂಲಿಯಾಗಿ ಕಳಿಸಿದ ಫೋಟೋ ಕುಗ್ಗಿಸಿದ ಪ್ರತಿ, ಮೂಲವಲ್ಲ. ಹಾಗಾಗಿ ಹಲವರು ಕಪಾಟಿನಲ್ಲಿ ಬಿದ್ದಿರುವ ಹಳೆಯ ಎಕ್ಸ್‌ಟರ್ನಲ್ ಹಾರ್ಡ್ ಡಿಸ್ಕನ್ನು ಹೊರಗೆ ತೆಗೆಯುತ್ತಾರೆ. ಫೋಟೋ ಬ್ಯಾಕಪ್ ಸಾಧನಕ್ಕೆ ಅದನ್ನು ಜೋಡಿಸಿದರೆ ಡಿಸ್ಕ್ ಕಾಣುವುದೇ ಇಲ್ಲ! "ಫಾರ್ಮ್ಯಾಟ್ ಮಾಡು, ಸರಿಯಾಗುತ್ತೆ" ಎಂದು ರೂಮ್‌ಮೇಟ್ ಹೇಳುತ್ತಾನೆ.

ಅವನು ಹೇಳಿದ್ದು ಸರಿಯೇ. ಆದರೆ ಸಾಧನಕ್ಕೆ ಡಿಸ್ಕ್ ಕಾಣುವಂತೆ ಮಾಡುವ ಅದೇ ಬಟನ್, ಡಿಸ್ಕಿನಲ್ಲಿ ಮೊದಲೇ ಇದ್ದ ಹತ್ತು ವರ್ಷದ ಫೋಟೋಗಳನ್ನು ಕಾಣದಂತೆಯೂ ಮಾಡುತ್ತದೆ. ಫಾರ್ಮ್ಯಾಟ್ ಎಂಬುದು ಎರಡು ನಿಮಿಷದ ಕೆಲಸ. ಅದಕ್ಕೂ ಮೊದಲು ಮಾಡಬೇಕಾದ ಅರ್ಧ ದಿನದ ಕೆಲಸವೇ ಮುಖ್ಯವಾದದ್ದು.

ಪೋರ್ಟಬಲ್ ಫೋಟೋ ಸ್ಟೋರೇಜ್ ಎಂದರೆ ಏನು?

ಕಂಪ್ಯೂಟರ್ ಇಲ್ಲದೆಯೇ ಕ್ಯಾಮೆರಾ ಕಾರ್ಡಿನಿಂದ ಫೋಟೋಗಳನ್ನು ನೇರವಾಗಿ ಡಿಸ್ಕಿಗೆ ಇಳಿಸಿಕೊಳ್ಳುವ ಸಾಧನ ಇದು. ಮೊದಲ ಬಗೆಯಲ್ಲಿ ಡಿಸ್ಕ್, ಬ್ಯಾಟರಿ, ಕಾರ್ಡ್ ಸ್ಲಾಟ್ ಎಲ್ಲ ಒಂದೇ ಡಬ್ಬಿಯಲ್ಲಿರುತ್ತವೆ. 2004ರಲ್ಲಿ ಬಂದ ಎಪ್ಸನ್ ಪಿ-2000 ಇದಕ್ಕೆ ಒಳ್ಳೆಯ ಉದಾಹರಣೆ: 40 ಜಿಬಿ ಡಿಸ್ಕ್, 3.8 ಇಂಚಿನ ಪರದೆ. ಆ ಕಾಲದ ಮೆಮರಿ ಕಾರ್ಡ್‌ಗಳ ಅಳತೆಗೆ 40 ಜಿಬಿ ಎಂದರೆ ಸಮುದ್ರ!

ಎರಡನೇ ಬಗೆಯಲ್ಲಿ ಒಂದು ಸಣ್ಣ ಬಾಕ್ಸ್ ಮಾತ್ರ ಸಿಗುತ್ತದೆ. ಅದರ ಒಂದು ಕಡೆ ಎಸ್‌ಡಿ ಕಾರ್ಡ್, ಇನ್ನೊಂದು ಕಡೆ ನಮ್ಮದೇ ಯುಎಸ್‌ಬಿ ಹಾರ್ಡ್ ಡಿಸ್ಕ್ ಸಿಕ್ಕಿಸಿ ಕಾಪಿ ಬಟನ್ ಒತ್ತಬೇಕು. ಮೂರನೇ ಬಗೆಗೆ ಬೇರೆ ಸಾಧನವೇ ಬೇಡ. ಮೊಬೈಲಿಗೆ ಓಟಿಜಿ ಅಡಾಪ್ಟರ್ ಹಾಕಿ ಡಿಸ್ಕ್ ಜೋಡಿಸಿದರೆ ಸಾಕು.

ಮೂರೂ ಬಗೆಗೆ ಇರುವ ಮಿತಿ ಒಂದೇ. ಕಂಪ್ಯೂಟರ್ ಎಲ್ಲ ತರಹದ ಡಿಸ್ಕನ್ನೂ ಓದಲು ಪ್ರಯತ್ನಿಸುತ್ತದೆ. ಈ ಸಣ್ಣ ಸಾಧನಗಳಿಗೆ ಅಷ್ಟು ಬುದ್ಧಿ ಇಲ್ಲ, ಒಂದೋ ಎರಡೋ ಬಗೆಯ ಬರವಣಿಗೆ ಮಾತ್ರ ಗೊತ್ತು. ಆ ಬಗೆಗೆ ತಕ್ಕಂತೆ ಡಿಸ್ಕನ್ನು ಸಿದ್ಧ ಮಾಡುವುದಕ್ಕೇ ರೀಫಾರ್ಮ್ಯಾಟ್ ಎನ್ನುವುದು.

ಫಾರ್ಮ್ಯಾಟ್ ಮಾಡಿದಾಗ ನಿಜಕ್ಕೂ ಆಗುವುದೇನು?

ದೊಡ್ಡ ಸ್ಟೋರ್‌ನಲ್ಲಿ ಕೆಲಸ ಮಾಡಿದವರಿಗೆ ಇದು ಬೇಗ ಅರ್ಥವಾಗುತ್ತೆ. ಗೋದಾಮಿನ ತುಂಬ ಸಾಲುಸಾಲು ರ‍್ಯಾಕ್‌ಗಳು. ಯಾವ ಸಾಮಾನು ಯಾವ ರ‍್ಯಾಕಿನಲ್ಲಿದೆ ಎಂಬುದು ಸ್ಟೋರ್‌ಕೀಪರ್‌ನ ರಿಜಿಸ್ಟರಿನಲ್ಲಿರುತ್ತೆ. ಹಾರ್ಡ್ ಡಿಸ್ಕಿನ ಫೈಲ್ ಸಿಸ್ಟಮ್ ಎಂದರೆ ಈ ರಿಜಿಸ್ಟರ್.

ಕ್ವಿಕ್ ಫಾರ್ಮ್ಯಾಟ್ ಮಾಡಿದಾಗ ಹಳೆಯ ರಿಜಿಸ್ಟರ್ ಹರಿದು ಬಿಸಾಡಿ, ಅದರ ಜಾಗದಲ್ಲಿ ಹೊಸ ಖಾಲಿ ರಿಜಿಸ್ಟರ್ ಇಟ್ಟಂತಾಯಿತು. ಸಾಮಾನು ರ‍್ಯಾಕಿನಲ್ಲೇ ಇದೆ, ಆದರೆ ಲೆಕ್ಕದಲ್ಲಿ ಇಲ್ಲ. ಹೊಸ ಸಾಮಾನು ಬಂದಾಗ ರ‍್ಯಾಕ್ ಖಾಲಿ ಇದೆಯೆಂದುಕೊಂಡು ಹಳೆಯದರ ಮೇಲೇ ಹೇರಲಾಗುತ್ತದೆ. ಅಲ್ಲಿಗೆ ಹಳೆಯದು ಹೋಯ್ತು.

ಫುಲ್ ಫಾರ್ಮ್ಯಾಟ್ ಹಾಗಲ್ಲ. ವಿಂಡೋಸ್ ವಿಸ್ತಾ ಬಂದ ಮೇಲೆ ಈ ಆಯ್ಕೆ ಡಿಸ್ಕಿನ ಉದ್ದಕ್ಕೂ ಸೊನ್ನೆ ಬರೆಯುತ್ತಾ ಹೋಗುತ್ತದೆ, ಅಂದರೆ ರ‍್ಯಾಕ್‌ಗಳನ್ನೇ ಗುಡಿಸಿ ತೊಳೆದ ಹಾಗೆ. ಸೆಕೆಂಡಿಗೆ 100 ಎಂಬಿ ವೇಗದಲ್ಲಿ 1 ಟಿಬಿ ಡಿಸ್ಕಿಗೆ ಸುಮಾರು ಮೂರು ಗಂಟೆ ಹಿಡಿಯುತ್ತದೆ. ಇದಾದ ಮೇಲೆ ಯಾವ ಸಾಫ್ಟ್‌ವೇರ್ ಹಾಕಿದರೂ ಹಳೆಯ ಫೋಟೋ ಮರಳಿ ಬರುವುದಿಲ್ಲ.

ಯಾವುದನ್ನು ಆರಿಸಬೇಕು: ಫ್ಯಾಟ್32, ಎಕ್ಸ್‌ಫ್ಯಾಟ್, ಎನ್‌ಟಿಎಫ್‌ಎಸ್?

ಫಾರ್ಮ್ಯಾಟ್ ಕಿಟಕಿ ತೆರೆದಾಗ ಹೆಚ್ಚಿನವರು ಗಲಿಬಿಲಿಯಾಗುವುದು ಇಲ್ಲೇ.

ಫ್ಯಾಟ್32: 1996ರಲ್ಲಿ ವಿಂಡೋಸ್ 95ರ ಪರಿಷ್ಕೃತ ಆವೃತ್ತಿಯೊಂದಿಗೆ ಬಂದ ಹಿರಿಯ. ಕ್ಯಾಮೆರಾ, ಟಿವಿ, ಕಾರ್ ಸ್ಟೀರಿಯೋ, ಡಿಜಿಟಲ್ ಫೋಟೋ ಫ್ರೇಮ್ ಹೀಗೆ ಬಹುತೇಕ ಎಲ್ಲವಕ್ಕೂ ಇದು ಪರಿಚಿತ. ಹಳೆಯ ಫೋಟೋ ಸ್ಟೋರೇಜ್ ಸಾಧನಗಳಿಗೆ ಸಾಮಾನ್ಯವಾಗಿ ಇದೊಂದೇ ಗೊತ್ತು. ದೋಷವೆಂದರೆ ಒಂದು ಫೈಲ್ 4 ಜಿಬಿ ಮೀರುವಂತಿಲ್ಲ. ಫೋಟೋಗಳಿಗೆ ಇದರಿಂದ ಏನೂ ತೊಂದರೆಯಿಲ್ಲ, ವಿಡಿಯೋಗಳಿಗೆ ಇದೆ. ಐಫೋನಿನಲ್ಲಿ 4ಕೆ, 60 ಫ್ರೇಮ್‌ನಲ್ಲಿ ತೆಗೆದ ವಿಡಿಯೋ ನಿಮಿಷಕ್ಕೆ ಸುಮಾರು 400 ಎಂಬಿ ತಿನ್ನುತ್ತದೆ. ಮುಹೂರ್ತದ ವಿಡಿಯೋ ಹತ್ತು ನಿಮಿಷ ದಾಟಿದರೆ ಫ್ಯಾಟ್32 ಡಿಸ್ಕಿಗೆ ಕಾಪಿ ಆಗುವುದಿಲ್ಲ. ಡಿಸ್ಕಿನಲ್ಲಿ 500 ಜಿಬಿ ಖಾಲಿ ಇದ್ದರೂ 'ಫೈಲ್ ತುಂಬಾ ದೊಡ್ಡದು' ಎಂಬ ಸಂದೇಶ ಬಂದರೆ ಕಾರಣ ಇದೇ.

ಎಕ್ಸ್‌ಫ್ಯಾಟ್: ಮೈಕ್ರೋಸಾಫ್ಟ್ 2006ರಲ್ಲಿ ತಂದದ್ದು. 4 ಜಿಬಿ ಮಿತಿ ಇಲ್ಲ. ವಿಂಡೋಸ್ ಮತ್ತು ಮ್ಯಾಕ್ ಎರಡರಲ್ಲೂ ಓದಬಹುದು, ಬರೆಯಬಹುದು. 64 ಜಿಬಿ ಮತ್ತು ಅದಕ್ಕಿಂತ ದೊಡ್ಡ ಎಸ್‌ಡಿ ಕಾರ್ಡ್‌ಗಳು ಬರುವುದೇ ಎಕ್ಸ್‌ಫ್ಯಾಟ್‌ನಲ್ಲಿ. ಹಾಗಾಗಿ ಅಂಥ ಕಾರ್ಡ್ ಓದುವ ಸಾಧನ ಸಾಮಾನ್ಯವಾಗಿ ಎಕ್ಸ್‌ಫ್ಯಾಟ್ ಡಿಸ್ಕನ್ನೂ ಒಪ್ಪುತ್ತದೆ. ಐಫೋನಿನಲ್ಲಿ 2019ರ ಐಓಎಸ್ 13ರಿಂದ ಫೈಲ್ಸ್ ಆ್ಯಪ್ ಮೂಲಕ ಹೊರಗಿನ ಡಿಸ್ಕ್ ತೆರೆಯಬಹುದು. ಅಲ್ಲೂ ಎಕ್ಸ್‌ಫ್ಯಾಟ್ ನಡೆಯುತ್ತೆ.

ಎನ್‌ಟಿಎಫ್‌ಎಸ್: 1993ರ ವಿಂಡೋಸ್ ಎನ್‌ಟಿಯಿಂದ ಬಂದದ್ದು. ವಿಂಡೋಸ್ ಕಂಪ್ಯೂಟರಿಗೆ ಬಲು ಗಟ್ಟಿ. ಆದರೆ ಮ್ಯಾಕ್ ಇದನ್ನು ಓದುತ್ತದೆಯೇ ಹೊರತು ತಾನಾಗಿ ಇದರಲ್ಲಿ ಬರೆಯುವುದಿಲ್ಲ. ಬಹಳಷ್ಟು ಫೋಟೋ ಸಾಧನಗಳೂ ಹಾಗೆಯೇ. ಅಂಗಡಿಯಿಂದ ತಂದ ಹೊಸ ಡಿಸ್ಕ್ ಸಾಧನದಲ್ಲಿ ಕಾಣದಿರಲು ಹೆಚ್ಚಾಗಿ ಕಾರಣ ಅದು ಎನ್‌ಟಿಎಫ್‌ಎಸ್‌ನಲ್ಲಿ ಬಂದಿರುವುದು.

ಎಪಿಎಫ್‌ಎಸ್ ಮತ್ತು ಮ್ಯಾಕ್ ಓಎಸ್ ಎಕ್ಸ್‌ಟೆಂಡೆಡ್: ಇವು ಆ್ಯಪಲ್ ಮನೆಯವು. ಊರಿನ ವಿಂಡೋಸ್ ಕಂಪ್ಯೂಟರಿಗೆ ಇವು ಕಾಣುವುದಿಲ್ಲ. ಊರಿಗೂ ಗಲ್ಫಿಗೂ ಓಡಾಡುವ ಡಿಸ್ಕಿಗೆ ಇವು ಬೇಡ.

ಆರಿಸುವ ಸೂತ್ರ ಸುಲಭ. ಡಿಸ್ಕ್ ಎಲ್ಲೆಲ್ಲಿ ಓಡಾಡುತ್ತದೆ ಎಂದು ಒಂದು ಚೀಟಿಯಲ್ಲಿ ಬರೆಯಿರಿ: ಬ್ಯಾಕಪ್ ಬಾಕ್ಸ್, ರೂಮಿನ ಲ್ಯಾಪ್‌ಟಾಪ್, ಊರಿನ ಸ್ಟುಡಿಯೋ ಕಂಪ್ಯೂಟರ್, ಮನೆಯ ಟಿವಿ. ಅವುಗಳಲ್ಲಿ ಅತಿ ಹಳೆಯದಕ್ಕೆ ಯಾವುದು ಗೊತ್ತೋ ಅದನ್ನೇ ಆರಿಸಿ. ಎಲ್ಲವೂ ಈಚಿನವಾದರೆ ಎಕ್ಸ್‌ಫ್ಯಾಟ್. ಒಂದಾದರೂ ಹಳೆಯದಿದ್ದರೆ ಫ್ಯಾಟ್32. ಸಾಧನದ ಜೊತೆ ಬಂದ ಕೈಪಿಡಿಯಲ್ಲಿ ಫೈಲ್ ಸಿಸ್ಟಮ್ ಎಂಬ ಸಾಲಿನ ಎದುರು ಇದನ್ನು ಬರೆದಿರುತ್ತಾರೆ.

ಮೊದಲ ಕೆಲಸ: ಇದ್ದದ್ದನ್ನು ಇಳಿಸಿಡುವುದು

ಫಾರ್ಮ್ಯಾಟ್ ಮಾಡಬೇಕಾದ ಡಿಸ್ಕಿನಲ್ಲಿ ಏನೂ ಇಲ್ಲ ಎಂದು ನಂಬಬೇಡಿ, ತೆರೆದು ನೋಡಿ. 'ನ್ಯೂ ಫೋಲ್ಡರ್ 3' ಎಂಬ ಹೆಸರಿನೊಳಗೆ ಅಪ್ಪನ ಕೊನೆಯ ಫೋಟೋಗಳು ಇರಬಹುದು. ಹುಡುಕಲು ಒಂದು ದಾರಿ ಇದೆ. ವಿಂಡೋಸ್‌ನಲ್ಲಿ ಡಿಸ್ಕ್ ತೆರೆದು, ಬಲಗಡೆ ಮೇಲಿನ ಹುಡುಕುವ ಪೆಟ್ಟಿಗೆಯಲ್ಲಿ ಚುಕ್ಕಿ ಹಾಕಿ ಜೆಪಿಜಿ ಎಂಬ ಮೂರು ಇಂಗ್ಲಿಷ್ ಅಕ್ಷರ ಹೊಡೆದರೆ, ಎಷ್ಟು ಆಳದಲ್ಲಿದ್ದರೂ ಆ ಬಗೆಯ ಫೋಟೋಗಳೆಲ್ಲ ಸಾಲಾಗಿ ಬರುತ್ತವೆ. ಐಫೋನಿನ ಫೋಟೋಗಳು 2017ರ ಐಓಎಸ್ 11ರಿಂದ ಎಚ್‌ಇಐಸಿ ಎಂಬ ಬಗೆಯಲ್ಲೂ ಇರುತ್ತವೆ. ಆ ಹೆಸರಿನಲ್ಲೂ ಒಮ್ಮೆ ಹುಡುಕಿ. ವಿಡಿಯೋಗಳಿಗೆ ಎಂಪಿ4 ಮತ್ತು ಎಂಓವಿ.

ನಂತರ ಎಲ್ಲವನ್ನೂ ಎರಡು ಬೇರೆ ಬೇರೆ ಕಡೆ ಕಾಪಿ ಮಾಡಿ. ಒಂದು ಲ್ಯಾಪ್‌ಟಾಪಿನಲ್ಲಿ, ಇನ್ನೊಂದು ಗೆಳೆಯನ ಡಿಸ್ಕಿನಲ್ಲಿ ಆದರೂ ಸರಿ. ಒಂದೇ ಡಿಸ್ಕಿನ ಎರಡು ಫೋಲ್ಡರ್‌ಗೆ ಹಾಕಿದರೆ ಅದು ಎರಡು ಪ್ರತಿ ಅಲ್ಲ. ಡಿಸ್ಕ್ ಹೋದರೆ ಎರಡೂ ಒಟ್ಟಿಗೇ ಹೋಗುತ್ತವೆ.

ಕಾಪಿ ಮಾಡುವಾಗ 'ಕಟ್' ಬಳಸಬೇಡಿ, 'ಕಾಪಿ' ಬಳಸಿ. ಮಧ್ಯದಲ್ಲಿ ಕೇಬಲ್ ಅಲುಗಾಡಿದರೂ ಮೂಲ ಹಾಗೇ ಉಳಿದಿರುತ್ತೆ. ಮುಗಿದ ಮೇಲೆ ಎರಡೂ ಫೋಲ್ಡರ್‌ಗಳ ಮೇಲೆ ರೈಟ್ ಕ್ಲಿಕ್ ಮಾಡಿ ಪ್ರಾಪರ್ಟೀಸ್ ನೋಡಿ. ಫೈಲ್‌ಗಳ ಸಂಖ್ಯೆ ಮತ್ತು ಒಟ್ಟು ಬೈಟ್‌ಗಳು ಒಂದೇ ಆಗಿರಬೇಕು. ಬಳಿಕ ಅಲ್ಲೊಂದು ಇಲ್ಲೊಂದು ಎಂದು ಹತ್ತಿಪ್ಪತ್ತು ಫೋಟೋಗಳನ್ನು ದೊಡ್ಡದಾಗಿ ತೆರೆದು ನೋಡಿ. ಚಿಕ್ಕ ಚಿತ್ರ ಕಾಣಿಸಿತು ಅಂದ ಮಾತ್ರಕ್ಕೆ ಫೈಲ್ ಪೂರ್ತಿ ಬಂದಿದೆ ಎಂದಲ್ಲ.

ಇನ್ನೊಂದು ಎಚ್ಚರಿಕೆ: ಈ ಕೆಲಸಕ್ಕೆ ಕಂಪನಿಯ ಲ್ಯಾಪ್‌ಟಾಪ್ ಬೇಡ. ಕೆಲವು ಕಂಪನಿಗಳಲ್ಲಿ ಹೊರಗಿನ ಡಿಸ್ಕಿಗೆ ಬರೆಯಬೇಕಾದರೆ ಮೊದಲು ಅದನ್ನು ಬಿಟ್‌ಲಾಕರ್‌ನಿಂದ ಲಾಕ್ ಮಾಡಲೇಬೇಕು ಎಂಬ ನಿಯಮ ಇರುತ್ತೆ. ಒಪ್ಪಿಗೆ ಒತ್ತಿಬಿಟ್ಟರೆ ಆ ಡಿಸ್ಕನ್ನು ಯಾವ ಫೋಟೋ ಸಾಧನವೂ ಓದುವುದಿಲ್ಲ. ನಾಳೆ ಕೆಲಸ ಬಿಟ್ಟಾಗ ಲ್ಯಾಪ್‌ಟಾಪ್ ಜೊತೆ ಅದರೊಳಗಿನ ಫೋಟೋಗಳನ್ನೂ ಬಿಟ್ಟು ಬರಬೇಕಾಗುತ್ತೆ.

ವಿಂಡೋಸ್ 10 ಮತ್ತು 11ರಲ್ಲಿ ಫಾರ್ಮ್ಯಾಟ್ ಮಾಡುವ ಕ್ರಮ

1. ಬೇರೆ ಎಲ್ಲ ಪೆನ್‌ಡ್ರೈವ್, ಡಿಸ್ಕ್, ಕಾರ್ಡ್‌ಗಳನ್ನು ತೆಗೆಯಿರಿ. ಬ್ಯಾಕಪ್ ಇರುವ ಡಿಸ್ಕ್ ಕೂಡ ಹೊರಗೇ ಇರಲಿ. ಫಾರ್ಮ್ಯಾಟ್ ಮಾಡಬೇಕಾದದ್ದು ಒಂದೇ ಒಳಗಿರಲಿ. ತಪ್ಪು ಡಿಸ್ಕ್ ಫಾರ್ಮ್ಯಾಟ್ ಆಗುವುದನ್ನು ತಡೆಯಲು ಇದಕ್ಕಿಂತ ಒಳ್ಳೆಯ ಉಪಾಯವಿಲ್ಲ.

2. 'ದಿಸ್ ಪಿಸಿ' ತೆರೆದು ಡಿಸ್ಕಿನ ಅಳತೆ ನೋಡಿ. 1 ಟಿಬಿ ಡಿಸ್ಕ್ 931 ಜಿಬಿ ಎಂದೂ, 500 ಜಿಬಿ ಡಿಸ್ಕ್ 465 ಜಿಬಿ ಎಂದೂ ತೋರಿಸುತ್ತದೆ. ಅಂಗಡಿಯವರು ಮೋಸ ಮಾಡಿದ್ದಲ್ಲ. ತಯಾರಕರು ಸಾವಿರದ ಲೆಕ್ಕದಲ್ಲಿ ಎಣಿಸುತ್ತಾರೆ, ವಿಂಡೋಸ್ 1024ರ ಲೆಕ್ಕದಲ್ಲಿ ಎಣಿಸುತ್ತದೆ.

3. ಡಿಸ್ಕಿನ ಮೇಲೆ ರೈಟ್ ಕ್ಲಿಕ್ ಮಾಡಿ 'ಫಾರ್ಮ್ಯಾಟ್' ಆರಿಸಿ. ಫೈಲ್ ಸಿಸ್ಟಮ್ ಜಾಗದಲ್ಲಿ ಎಕ್ಸ್‌ಫ್ಯಾಟ್ ಆರಿಸಿ. 'ಅಲೋಕೇಶನ್ ಯೂನಿಟ್ ಸೈಜ್' ಡಿಫಾಲ್ಟ್ ಇರಲಿ, ಮುಟ್ಟಬೇಡಿ.

4. 'ವಾಲ್ಯೂಮ್ ಲೇಬಲ್' ಜಾಗದಲ್ಲಿ ಇಂಗ್ಲಿಷ್ ಅಕ್ಷರಗಳಲ್ಲಿ ಸಣ್ಣ ಹೆಸರು ಕೊಡಿ. ಹನ್ನೊಂದು ಅಕ್ಷರದೊಳಗೆ ಇರಲಿ. ಸಣ್ಣ ಸಾಧನಗಳಿಗೆ ಕನ್ನಡ ಅಕ್ಷರ ಗೊತ್ತಿರುವುದಿಲ್ಲ.

5. ಡಿಸ್ಕ್ ಚೆನ್ನಾಗಿದ್ದರೆ 'ಕ್ವಿಕ್ ಫಾರ್ಮ್ಯಾಟ್' ಟಿಕ್ ಹಾಗೇ ಇರಲಿ. ಡಿಸ್ಕ್ ಹಳೆಯದಾಗಿದ್ದು ಅನುಮಾನ ಇದ್ದರೆ ಟಿಕ್ ತೆಗೆಯಿರಿ. ಗಂಟೆಗಟ್ಟಲೆ ಹಿಡಿದರೂ ಡಿಸ್ಕಿನ ಪ್ರತಿ ಭಾಗದ ಪರೀಕ್ಷೆ ಆಗಿಹೋಗುತ್ತೆ. ಮಧ್ಯದಲ್ಲಿ ನಿಂತರೆ ಆ ಡಿಸ್ಕಿಗೆ ಫೋಟೋ ಹಾಕದಿರುವುದೇ ಕ್ಷೇಮ.

6. 'ಸ್ಟಾರ್ಟ್' ಒತ್ತಿದ ಮೇಲೆ ಎಲ್ಲ ಅಳಿಯುತ್ತದೆ ಎಂಬ ಎಚ್ಚರಿಕೆ ಬರುತ್ತದೆ. ಅಲ್ಲಿ ಒಂದು ಉಸಿರು ನಿಲ್ಲಿ. ಹೆಸರು, ಅಳತೆ ಮತ್ತೊಮ್ಮೆ ನೋಡಿ, ಆಮೇಲೆ 'ಓಕೆ'.

ಫ್ಯಾಟ್32 ಆಯ್ಕೆಯೇ ಕಾಣುವುದಿಲ್ಲವಲ್ಲ?

ಇದು ಎಲ್ಲರೂ ಕೇಳುವ ಪ್ರಶ್ನೆ. 32 ಜಿಬಿಗಿಂತ ದೊಡ್ಡ ಡಿಸ್ಕಿಗೆ ವಿಂಡೋಸ್‌ನ ಫಾರ್ಮ್ಯಾಟ್ ಕಿಟಕಿ ಫ್ಯಾಟ್32 ತೋರಿಸುವುದಿಲ್ಲ. ಹಾಗೆಂದು ಫ್ಯಾಟ್32ಕ್ಕೆ ಅಷ್ಟು ದೊಡ್ಡ ಡಿಸ್ಕ್ ಆಗುವುದಿಲ್ಲ ಎಂದಲ್ಲ. ಸಾಮಾನ್ಯ ಡಿಸ್ಕಿನಲ್ಲಿ ಅದು 2 ಟಿಬಿವರೆಗೂ ನಡೆಯುತ್ತದೆ. ಈ 32 ಜಿಬಿ ಗೋಡೆ ಆ ಕಿಟಕಿಯದ್ದು ಮಾತ್ರ. ಅದನ್ನು ಬರೆದ ಮೈಕ್ರೋಸಾಫ್ಟ್‌ನ ಹಿಂದಿನ ಎಂಜಿನಿಯರ್ ಡೇವ್ ಪ್ಲಮ್ಮರ್ ಆ ಸಂಖ್ಯೆಯನ್ನು ಆಗ ತಾವೇ ಆರಿಸಿದ್ದಾಗಿ ಹೇಳಿಕೊಂಡಿದ್ದಾರೆ. ಅದು 1990ರ ದಶಕದ ಮಾತು. 32 ಜಿಬಿ ಡಿಸ್ಕ್ ಆಗ ಯಾರ ಮನೆಯಲ್ಲೂ ಇರಲಿಲ್ಲ.

ಈ ಗೋಡೆ ದಾಟಲು ಮೂರು ದಾರಿಗಳಿವೆ. ಮೊದಲನೆಯದು, ಸಾಧನದಲ್ಲೇ ಫಾರ್ಮ್ಯಾಟ್ ಮೆನು ಇದ್ದರೆ ಅದನ್ನೇ ಬಳಸಿ. ಅದು ತನಗೆ ಬೇಕಾದ ಹಾಗೆ ತಾನೇ ಸಿದ್ಧ ಮಾಡಿಕೊಳ್ಳುತ್ತದೆ. ಎರಡನೆಯದು, ರೂಫಸ್ ಎಂಬ ಉಚಿತ ಸಾಫ್ಟ್‌ವೇರ್. ಅದರಲ್ಲಿ ಬೂಟ್ ಆಯ್ಕೆಯನ್ನು 'ನಾನ್ ಬೂಟಬಲ್' ಎಂದಿಟ್ಟು ಲಾರ್ಜ್ ಫ್ಯಾಟ್32 ಆರಿಸಬಹುದು. ದೊಡ್ಡ ಹಾರ್ಡ್ ಡಿಸ್ಕ್ ಅದರ ಪಟ್ಟಿಯಲ್ಲಿ ತಾನಾಗಿ ಕಾಣದಿದ್ದರೆ ಯುಎಸ್‌ಬಿ ಹಾರ್ಡ್ ಡ್ರೈವ್ ತೋರಿಸುವ ಆಯ್ಕೆಗೆ ಟಿಕ್ ಹಾಕಬೇಕು. ಮೂರನೆಯದು, ಗೆಳೆಯರ ಮ್ಯಾಕ್. ಮ್ಯಾಕ್‌ನಲ್ಲಿ ಈ ಗೋಡೆಯೇ ಇಲ್ಲ.

ಮ್ಯಾಕ್‌ನಲ್ಲಿ

'ಡಿಸ್ಕ್ ಯುಟಿಲಿಟಿ' ತೆರೆಯಿರಿ. 'ವ್ಯೂ' ಮೆನುವಿನಲ್ಲಿ 'ಶೋ ಆಲ್ ಡಿವೈಸಸ್' ಒತ್ತಿ. ಎಡಗಡೆಯ ಪಟ್ಟಿಯಲ್ಲಿ ಡಿಸ್ಕಿನ ಹೆಸರು ಎರಡು ಸಾಲಲ್ಲಿ ಬರುತ್ತದೆ. ಮೇಲಿನ ಸಾಲು ಇಡೀ ಡಿಸ್ಕ್, ಕೆಳಗಿನದು ಅದರೊಳಗಿನ ಭಾಗ. ಮೇಲಿನದನ್ನು ಆರಿಸಿ 'ಇರೇಸ್' ಒತ್ತಿ. ಫಾರ್ಮ್ಯಾಟ್ ಜಾಗದಲ್ಲಿ ಎಕ್ಸ್‌ಫ್ಯಾಟ್, ಅಥವಾ ಹಳೆಯ ಸಾಧನಕ್ಕಾದರೆ 'ಎಂಎಸ್-ಡಾಸ್ ಫ್ಯಾಟ್' ಆರಿಸಿ. 'ಸ್ಕೀಮ್' ಜಾಗದಲ್ಲಿ 'ಮಾಸ್ಟರ್ ಬೂಟ್ ರೆಕಾರ್ಡ್' ಇರಲಿ. ಈ ಕೊನೆಯ ಆಯ್ಕೆ ಮರೆತರೆ ಡಿಸ್ಕ್ ಕಂಪ್ಯೂಟರಿನಲ್ಲಿ ಸರಿಯಾಗಿ ಕಂಡರೂ ಫೋಟೋ ಸಾಧನದಲ್ಲಿ ಕಾಣದೆ ಹೋಗಬಹುದು.

ಫಾರ್ಮ್ಯಾಟ್ ಆದ ಮೇಲೂ ಡಿಸ್ಕ್ ಕಾಣದಿದ್ದರೆ

ಆಗ ನಾಲ್ಕು ಸಂಗತಿ ನೋಡಬೇಕು.

ಪಾರ್ಟಿಶನ್ ಬಗೆ: ಡಿಸ್ಕಿನ ಮೊದಲ ಪುಟದಲ್ಲಿ ಅದರ ಭಾಗಗಳ ವಿವರ ಇರುತ್ತದೆ. ಅದನ್ನು ಎಂಬಿಆರ್, ಜಿಪಿಟಿ ಎಂಬ ಎರಡು ರೀತಿಯಲ್ಲಿ ಬರೆಯುತ್ತಾರೆ. ಹಳೆಯ ಸಾಧನಗಳಿಗೆ ಎಂಬಿಆರ್ ಮಾತ್ರ ತಿಳಿಯುತ್ತದೆ. ವಿಂಡೋಸ್‌ನ 'ಡಿಸ್ಕ್ ಮ್ಯಾನೇಜ್‌ಮೆಂಟ್'ನಲ್ಲಿ ಭಾಗವನ್ನು ಅಳಿಸಿ, ಡಿಸ್ಕಿನ ಹೆಸರಿನ ಮೇಲೆ ರೈಟ್ ಕ್ಲಿಕ್ ಮಾಡಿ ಎಂಬಿಆರ್‌ಗೆ ಬದಲಾಯಿಸಬಹುದು. ಅಲ್ಲಿ 'ಡಿಸ್ಕ್ 0' ಎಂದಿರುವುದು ಸಾಮಾನ್ಯವಾಗಿ ಕಂಪ್ಯೂಟರಿನ ಸ್ವಂತ ಡಿಸ್ಕ್. ಅದರ ಹತ್ತಿರವೂ ಹೋಗಬೇಡಿ. ಎಂಬಿಆರ್ ಸಾಮಾನ್ಯವಾಗಿ 2 ಟಿಬಿವರೆಗೆ ಮಾತ್ರ, ಆದ್ದರಿಂದ ಹಳೆಯ ಸಾಧನಕ್ಕೆ 4 ಟಿಬಿ ಡಿಸ್ಕ್ ಕೊಂಡರೆ ಹಣ ದಂಡ.

ಎಷ್ಟು ಭಾಗ: ಡಿಸ್ಕಿನಲ್ಲಿ ಒಂದೇ ಪಾರ್ಟಿಶನ್ ಇರಲಿ. ಐಫೋನಿಗೆ ಆ್ಯಪಲ್ ಹೇಳುವುದೂ ಇದನ್ನೇ. ಕೆಲವು ಬಾಕ್ಸ್‌ಗಳು ಮೊದಲ ಭಾಗವನ್ನು ಮಾತ್ರ ನೋಡಿ ಉಳಿದದ್ದನ್ನು ಬಿಟ್ಟುಬಿಡುತ್ತವೆ.

ಕರೆಂಟ್: ಯುಎಸ್‌ಬಿ 2.0 ಪೋರ್ಟ್ ಕೊಡಬೇಕಾದದ್ದು 500 ಮಿಲಿ ಆಂಪಿಯರ್, ಯುಎಸ್‌ಬಿ 3.0 ಕೊಡಬೇಕಾದದ್ದು 900. ತಿರುಗುವ ಹಾರ್ಡ್ ಡಿಸ್ಕ್ ಶುರುವಾಗುವ ಹೊತ್ತಿಗೆ ಇದಕ್ಕಿಂತ ಹೆಚ್ಚೇ ಕೇಳಬಹುದು. ಮೊಬೈಲಿಗೋ ಬ್ಯಾಕಪ್ ಬಾಕ್ಸಿಗೋ ಹಾಕಿದಾಗ ಡಿಸ್ಕ್ ಟಿಕ್ ಟಿಕ್ ಎಂದು ಸದ್ದು ಮಾಡಿ ಆರಿಹೋದರೆ, ಕಂಪ್ಯೂಟರಿನಲ್ಲಿ ಮಾತ್ರ ಸರಿಯಾಗಿ ನಡೆದರೆ, ಕಾರಣ ಹೆಚ್ಚಾಗಿ ಇದೇ. ಪ್ರತ್ಯೇಕ ಪವರ್ ಇರುವ ಹಬ್ ಬಳಸಿ, ಇಲ್ಲವೇ ತಿರುಗುವ ಭಾಗವೇ ಇಲ್ಲದ ಎಸ್‌ಎಸ್‌ಡಿಗೆ ಬದಲಾಗಿ.

ಕೇಬಲ್: ಚಾರ್ಜಿಂಗ್‌ಗೆ ಮಾತ್ರ ಆಗುವ ಕೇಬಲ್‌ಗಳೂ ಮಾರುಕಟ್ಟೆಯಲ್ಲಿವೆ. ಡಿಸ್ಕಿನ ಜೊತೆ ಬಂದ ಕೇಬಲನ್ನೇ ಹಾಕಿ ನೋಡಿ.

ಹಳೆಯ ಫೋಟೋ ಸಾಧನದ ಒಳಗಿನ ಡಿಸ್ಕ್ ಕೆಟ್ಟಿದೆ, ಎಕ್ಸ್‌ಟರ್ನಲ್ ಡಿಸ್ಕಿನ ಕವಚ ಬಿಚ್ಚಿ ಒಳಗಿನದನ್ನು ಅದಕ್ಕೆ ಹಾಕೋಣ ಎಂದು ಹೊರಡುವವರೂ ಇದ್ದಾರೆ. ಬಿಚ್ಚುವ ಮೊದಲು ಎರಡು ವಿಷಯ ತಿಳಿದಿರಲಿ. ಕೆಲವು ಡಿಸ್ಕ್‌ಗಳಲ್ಲಿ ಯುಎಸ್‌ಬಿ ಪೋರ್ಟನ್ನು ಬೋರ್ಡಿನ ಮೇಲೆಯೇ ಬೆಸುಗೆ ಹಾಕಿರುತ್ತಾರೆ, ಬೇರೆಡೆ ಕೂರಿಸಲು ಆಗುವುದೇ ಇಲ್ಲ. ಇನ್ನು ಕೆಲವು, ಪಾಸ್‌ವರ್ಡ್ ಹಾಕಿರದಿದ್ದರೂ, ಬರೆಯುವಾಗಲೇ ಎಲ್ಲವನ್ನೂ ಗುಪ್ತಲಿಪಿಗೆ ಬದಲಾಯಿಸುತ್ತವೆ. ಕವಚದ ಬೋರ್ಡಿನಿಂದ ಬೇರೆ ಮಾಡಿದರೆ ಒಳಗಿನ ಫೋಟೋಗಳನ್ನು ಓದಲಾಗುವುದಿಲ್ಲ.

ಕಂಪ್ಯೂಟರೇ ಫಾರ್ಮ್ಯಾಟ್ ಮಾಡಲು ಕೇಳಿದರೆ?

ಡಿಸ್ಕ್ ಹಾಕಿದ ಕೂಡಲೇ 'ಬಳಸುವ ಮೊದಲು ಫಾರ್ಮ್ಯಾಟ್ ಮಾಡಬೇಕು' ಎಂಬ ಇಂಗ್ಲಿಷ್ ಸಂದೇಶ ವಿಂಡೋಸ್‌ನಲ್ಲಿ ಬರುವುದುಂಟು. ಫೋಟೋಗಳು ಹೆಚ್ಚಾಗಿ ಕಳೆದುಹೋಗುವುದು ಈ ಒಂದು ಕ್ಷಣದಲ್ಲಿ. ಕಂಪ್ಯೂಟರ್ ಹೇಳಿತು ಎಂದು ಒಪ್ಪಿಗೆ ಒತ್ತಬೇಡಿ. ಆ ಸಂದೇಶದ ನಿಜವಾದ ಅರ್ಥ 'ಈ ರಿಜಿಸ್ಟರ್ ಓದಲು ನನಗೆ ಆಗುತ್ತಿಲ್ಲ' ಎಂದಷ್ಟೇ. ಅದು ಮ್ಯಾಕ್‌ನಲ್ಲಿ ಸಿದ್ಧವಾದ ಡಿಸ್ಕ್ ಇರಬಹುದು, ಕೇಬಲ್ ಸಡಿಲ ಇರಬಹುದು, ಕಳೆದ ಸಲ ಇಜೆಕ್ಟ್ ಮಾಡದೆ ಎಳೆದಿದ್ದರಿಂದ ರಿಜಿಸ್ಟರಿನ ಒಂದು ಪುಟ ಹರಿದಿರಬಹುದು. 'ಕ್ಯಾನ್ಸಲ್' ಒತ್ತಿ, ಬೇರೆ ಕೇಬಲ್, ಬೇರೆ ಕಂಪ್ಯೂಟರ್‌ನಲ್ಲಿ ನೋಡಿ.

ಇಜೆಕ್ಟ್ ಮಾತು ಬಂದದ್ದರಿಂದ ಇದನ್ನೂ ಹೇಳಬೇಕು. ಎನ್‌ಟಿಎಫ್‌ಎಸ್ ತಾನು ಮಾಡಲಿರುವ ಬದಲಾವಣೆಯನ್ನು ಮೊದಲು ಒಂದು ಕಡೆ ಗುರುತು ಹಾಕಿಕೊಂಡು ಆಮೇಲೆ ಮಾಡುತ್ತದೆ. ಮಧ್ಯದಲ್ಲಿ ಕರೆಂಟ್ ಹೋದರೂ ಸಾವರಿಸಿಕೊಳ್ಳುತ್ತದೆ. ಫ್ಯಾಟ್32 ಮತ್ತು ಎಕ್ಸ್‌ಫ್ಯಾಟ್‌ಗೆ ಆ ಅಭ್ಯಾಸ ಇಲ್ಲ. ಫ್ಯಾಟ್32 ತನ್ನ ಪಟ್ಟಿಯ ಎರಡು ಪ್ರತಿಗಳನ್ನಾದರೂ ಇಟ್ಟುಕೊಳ್ಳುತ್ತದೆ, ಎಕ್ಸ್‌ಫ್ಯಾಟ್ ಸಾಮಾನ್ಯವಾಗಿ ಒಂದನ್ನೇ ಇಡುತ್ತದೆ. ಆದ್ದರಿಂದ ಈ ಡಿಸ್ಕ್‌ಗಳನ್ನು ಇಜೆಕ್ಟ್ ಮಾಡದೆ ಎಳೆಯಲೇಬಾರದು.

ತಪ್ಪಿ ಫಾರ್ಮ್ಯಾಟ್ ಆಗಿಹೋದರೆ

ಗಾಬರಿ ಬೇಡ, ಆದರೆ ಆ ಕ್ಷಣದಿಂದ ಆ ಡಿಸ್ಕಿಗೆ ಏನನ್ನೂ ಬರೆಯಬೇಡಿ. ಕ್ವಿಕ್ ಫಾರ್ಮ್ಯಾಟ್ ಆಗಿದ್ದರೆ ಸಾಮಾನು ಇನ್ನೂ ರ‍್ಯಾಕಿನಲ್ಲೇ ಇದೆ. ಫೋಟೋರೆಕ್ ಎಂಬ ಉಚಿತ ಸಾಫ್ಟ್‌ವೇರ್ ರಿಜಿಸ್ಟರ್ ನೋಡದೆ ಒಂದೊಂದೇ ರ‍್ಯಾಕ್ ತಡಕಾಡಿ ಫೋಟೋಗಳನ್ನು ಹೆಕ್ಕುತ್ತದೆ. ಸಿಕ್ಕಿದ್ದನ್ನು ಬೇರೆ ಡಿಸ್ಕಿಗೆ ಇಳಿಸಬೇಕು, ಅದೇ ಡಿಸ್ಕಿಗಲ್ಲ. ಫೈಲ್‌ಗಳ ಹಳೆಯ ಹೆಸರು, ಫೋಲ್ಡರ್‌ಗಳು ಮರಳುವುದಿಲ್ಲ. ಸಾವಿರಾರು ಫೋಟೋಗಳು ನಂಬರ್ ಹೊತ್ತು ರಾಶಿಯಾಗಿ ಬರುತ್ತವೆ. ವಿಂಗಡಿಸಲು ವಾರಗಟ್ಟಲೆ ಬೇಕಾದೀತು, ಆದರೂ ಮುಖಗಳು ಉಳಿದವಲ್ಲ!

ಡಿಸ್ಕ್ ಎಸ್‌ಎಸ್‌ಡಿ ಆಗಿದ್ದರೆ ಈ ಭರವಸೆ ಕಡಿಮೆ. ಖಾಲಿಯೆಂದು ಗುರುತಾದ ಜಾಗವನ್ನು ಅದು ತಾನೇ ಗುಡಿಸಿಹಾಕಬಹುದು. ಹಾರ್ಡ್ ಡಿಸ್ಕಿನಿಂದ ಕಟಕಟ ಸದ್ದು ಬರುತ್ತಿದ್ದರೆ ಯಾವ ಸಾಫ್ಟ್‌ವೇರೂ ಬೇಡ. ತಕ್ಷಣ ಕೇಬಲ್ ತೆಗೆದು ಡೇಟಾ ರಿಕವರಿ ಮಾಡುವವರ ಹತ್ತಿರವೇ ಕೊಡಬೇಕು. ಖರ್ಚು ದುಬಾರಿ, ಆದರೆ ಮನೆಯಲ್ಲಿ ಮತ್ತೆ ಮತ್ತೆ ಓಡಿಸಿ ನೋಡಿದರೆ ಉಳಿದದ್ದೂ ಹೋಗುತ್ತದೆ.

ಊರಿಗೆ ಹೋದಾಗ ಬಳಸುವ ಕ್ರಮ

ಡಿಸ್ಕನ್ನು ಹೊರಡುವ ವಾರ ಮೊದಲೇ ಸಿದ್ಧಮಾಡಿ, ನಾಲ್ಕು ಫೋಟೋ ತೆಗೆದು ಕಾರ್ಡಿನಿಂದ ಕಾಪಿ ಮಾಡಿ ಪರೀಕ್ಷಿಸಿ. ಮದುವೆ ಮಂಟಪದಲ್ಲಿ ನಿಂತು ಕಲಿಯುವ ವಿದ್ಯೆ ಇದಲ್ಲ.

ಕ್ಯಾಮೆರಾ ಕಾರ್ಡಿನಲ್ಲಿ ಫೋಟೋಗಳು ಡಿಸಿಐಎಂ ಎಂಬ ಫೋಲ್ಡರಿನಲ್ಲಿರುತ್ತವೆ. ಹೆಸರಿನ ಕೊನೆಯ ನಾಲ್ಕು ಅಂಕಿ 9999 ಮುಟ್ಟಿದ ಮೇಲೆ ಮತ್ತೆ 0001ರಿಂದ ಶುರು. ಹಾಗಾಗಿ ನಾಮಕರಣದ ಫೋಟೋಗೂ ಮದುವೆಯ ಫೋಟೋಗೂ ಒಂದೇ ಹೆಸರು ಇರಬಹುದು. ಎರಡನ್ನೂ ಒಂದೇ ಫೋಲ್ಡರಿಗೆ ಹಾಕುವಾಗ 'ರಿಪ್ಲೇಸ್' ಒತ್ತಿದರೆ ಒಂದು ಹೋಯ್ತು. ಪ್ರತಿ ಸಲ ತಾರೀಖಿನ ಹೆಸರಿನ ಹೊಸ ಫೋಲ್ಡರ್ ಮಾಡಿ.

ಕಾರ್ಡನ್ನು ಖಾಲಿ ಮಾಡುವ ಆತುರ ಬೇಡ. ಡಿಸ್ಕಿಗೆ ಇಳಿಸಿ ಕಾರ್ಡ್ ಅಳಿಸಿದರೆ ಇರುವುದು ಮತ್ತೆ ಒಂದೇ ಪ್ರತಿ. ಎರಡನೆಯದನ್ನು ಊರಲ್ಲೇ ಅಣ್ಣನ ಕಂಪ್ಯೂಟರಿಗೋ ಇನ್ನೊಂದು ಡಿಸ್ಕಿಗೋ ಹಾಕಿ ಬನ್ನಿ. ಒಂದು ಪ್ರತಿ ಊರಲ್ಲಿ, ಒಂದು ಇಲ್ಲಿ. ಎರಡು ದೇಶಗಳಲ್ಲಿ ಬದುಕುವವರಿಗೆ ಇದಕ್ಕಿಂತ ಸುಲಭವಾದ ಬ್ಯಾಕಪ್ ಇಲ್ಲ.

ಪ್ರಯಾಣದಲ್ಲಿ ಡಿಸ್ಕ್ ಕೈಚೀಲದಲ್ಲೇ ಇರಲಿ. ಏರ್‌ಪೋರ್ಟಿನ ಎಕ್ಸ್‌ರೇಯಿಂದ ಹಾರ್ಡ್ ಡಿಸ್ಕಿಗೆ ಹಾನಿಯಿಲ್ಲ. ಲಗೇಜ್ ಎತ್ತಿ ಎಸೆಯುವುದರಿಂದ ಇದೆ. ಬ್ಯಾಟರಿ ಇರುವ ಫೋಟೋ ಸಾಧನವನ್ನೂ ಕೈಚೀಲದಲ್ಲೇ ಒಯ್ಯುವುದು ಒಳ್ಳೆಯದು.

ಇಲ್ಲಿನ ಬಿಸಿಲನ್ನೂ ಮರೆಯಬಾರದು. ಪೋರ್ಟಬಲ್ ಡಿಸ್ಕ್‌ಗಳನ್ನು ಸಾಮಾನ್ಯವಾಗಿ 35 ಡಿಗ್ರಿವರೆಗಿನ ಸೆಕೆಯಲ್ಲಿ ಓಡಿಸಲು ತಯಾರಿಸಿರುತ್ತಾರೆ. ಗಲ್ಫಿನ ಬೇಸಿಗೆಯಲ್ಲಿ ಹೊರಗೇ 45 ದಾಟುತ್ತದೆ, ನಿಲ್ಲಿಸಿದ ಕಾರಿನೊಳಗೆ ಇನ್ನೂ ಹೆಚ್ಚು. ಡ್ಯಾಶ್‌ಬೋರ್ಡಿನಲ್ಲಿ ಡಿಸ್ಕ್ ಬಿಡಬೇಡಿ. ಬಿಸಿಯಾದ ಡಿಸ್ಕನ್ನು ರೂಮಿಗೆ ತಂದ ಕೂಡಲೇ ಓಡಿಸದೆ ತಣ್ಣಗಾಗಲು ಬಿಡಿ.

ಹಳೆಯ ಡಿಸ್ಕ್ ಮಾರುವಾಗ

ವೀಸಾ ಕ್ಯಾನ್ಸಲ್ ಮಾಡಿ ಹೊರಡುವವರು ರೂಮಿನ ಸಾಮಾನಿನ ಜೊತೆ ಡಿಸ್ಕನ್ನೂ ಮಾರುತ್ತಾರೆ. ಅದರಲ್ಲಿ ಮನೆಯ ಹೆಣ್ಣುಮಕ್ಕಳ ಫೋಟೋ, ಪಾಸ್‌ಪೋರ್ಟ್ ಕಾಪಿ, ರೂಮ್‌ಮೇಟ್‌ಗಳ ಚಿತ್ರ ಎಲ್ಲ ಇರುತ್ತವೆ. ಕ್ವಿಕ್ ಫಾರ್ಮ್ಯಾಟ್ ಮಾಡಿ ಕೊಟ್ಟರೆ, ಕೊಂಡವನು ಫೋಟೋರೆಕ್ ಓಡಿಸಿದರೆ ಸಾಕು. ಮಾರುವ ಡಿಸ್ಕಿಗೆ ಟಿಕ್ ತೆಗೆದು ಫುಲ್ ಫಾರ್ಮ್ಯಾಟ್ ಮಾಡಲೇಬೇಕು. ರಾತ್ರಿ ಮಲಗುವಾಗ ಹಚ್ಚಿಟ್ಟರೆ ಬೆಳಿಗ್ಗೆ ಮುಗಿದಿರುತ್ತೆ.

ಒಟ್ಟಿನಲ್ಲಿ ಕ್ರಮ ಇಷ್ಟು: ಮೊದಲು ತೆರೆದು ನೋಡುವುದು, ಎರಡು ಕಡೆ ಇಳಿಸುವುದು, ಎಣಿಸಿ ಪರೀಕ್ಷಿಸುವುದು, ಬೇರೆ ಡಿಸ್ಕ್‌ಗಳನ್ನು ತೆಗೆದಿಡುವುದು, ಕೊನೆಗೆ ಫಾರ್ಮ್ಯಾಟ್. ಡಿಸ್ಕ್ ಕೆಟ್ಟರೆ ಇನ್ನೊಂದನ್ನು ಅಂಗಡಿಯಿಂದ ತರಬಹುದು. ಅಜ್ಜಿಯ ಪಕ್ಕ ಕೂತು ತೆಗೆಸಿಕೊಂಡ ಆ ಫೋಟೋವನ್ನು ಮುಂದಿನ ರಜೆಯಲ್ಲಿ ಮತ್ತೆ ತೆಗೆಸಿಕೊಳ್ಳಲು ಆಗದೆ ಹೋಗಬಹುದು.